ಇಪ್ಪತ್ತು ನಾಣ್ಯಗಳ ಗೌರವ: ಅಮೆರಿಕನ್ ವಿಮೆನ್ ಕ್ವಾರ್ಟರ್ಸ್ ಸರಣಿಯ ಒಂದು ವಿಮರ್ಶೆ

ಅಮೆರಿಕದ ಒಂದು ರಾಜ್ಯ ಸರ್ಕಾರದ ಲೆಕ್ಕಪತ್ರ ವಿಭಾಗದಲ್ಲಿ ನಾನು ಕೆಲಸಕ್ಕೆ ಸೇರಿದಾಗ ನನಗೆ ಕೆಲಸ ಕಲಿಸಿದ ಹಿರಿಯ ಸಹೋದ್ಯೋಗಿಯೊಬ್ಬರು ಇತ್ತೀಚೆಗೆ ನಿವೃತ್ತರಾದರು. ಅವರು ಅಲ್ಲಿ 31 ವರ್ಷ ದುಡಿದಿದ್ದರು. ನಮ್ಮ ರಾಜ್ಯದ ಆರ್ಥಿಕ ವರ್ಷ ಮುಗಿಯುವುದು ಜೂನ್ 30ಕ್ಕೆ. ಅಂದು ರಾತ್ರಿ ಕೊನೆಯ ಬಿಲ್ಲು ತಾಳೆಯಾಗುವವರೆಗೂ ಕುರ್ಚಿ ಬಿಟ್ಟು ಏಳದ, ಶಾಲೆಗಳಿಗೆ ಹೋಗಬೇಕಾದ ಅನುದಾನ ಒಂದು ದಿನ ತಡವಾದರೂ ತಾವೇ ಫೋನು ಹಿಡಿದು ವಿಚಾರಿಸುತ್ತಿದ್ದ ಹೆಂಗಸು ಅವರು. ಅವರಿಗೆ ಬೀಳ್ಕೊಡುಗೆಯಾಗಿ ಏನು ಕೊಡಬೇಕೆಂದು ನಾವೆಲ್ಲ ಸೇರಿ ಯೋಚಿಸುತ್ತಿದ್ದಾಗ ಹೂಗುಚ್ಛ, ಗಡಿಯಾರ, ಹೆಸರು ಕೊರೆಸಿದ ಫಲಕ ಎಲ್ಲವೂ ಮಾತಿಗೆ ಬಂದವು. ಸಾರ್ವಜನಿಕ ಬದುಕಿನಲ್ಲಿ ಹೆಣ್ಣುಮಕ್ಕಳು ಮಾಡಿದ ಕೆಲಸವನ್ನು ದೇಶವೇ ಗೌರವಿಸಿ ಹೊರತಂದ ನಾಣ್ಯಗಳ ಪೂರ್ತಿ ಸರಣಿಯನ್ನು ಕೊಡೋಣ ಎಂದು ಹೇಳಿದವಳು ನಾನು. ಹೇಳಿದ ಮೇಲೆ ಕೂಡಿಸುವ ಹೊಣೆಯೂ ನನ್ನ ಮೇಲೆಯೇ ಬಿತ್ತು. ಹಾಗಾಗಿ ಸುಮಾರು ಒಂದು ತಿಂಗಳು ಆ ಇಪ್ಪತ್ತು ನಾಣ್ಯಗಳು ನನ್ನ ಮೇಜಿನ ಮೇಲಿದ್ದವು. ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದ್ದೇನೆ. ಸರ್ಕಾರಿ ಸೇವೆಯಲ್ಲಿ ಬದುಕು ಸವೆಸಿದ ಹೆಣ್ಣೊಬ್ಬಳಿಗೆ ಕೊಡಲು ಈ ಸರಣಿ ತಕ್ಕ ಉಡುಗೊರೆಯೇ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೊದಲು ಇದು ಏನೆಂದು ಹೇಳಬೇಕು. ಅಮೆರಿಕದ ಟಂಕಸಾಲೆ 2022ರಿಂದ 2025ರವರೆಗೆ ವರ್ಷಕ್ಕೆ ಐದರಂತೆ ಇಪ್ಪತ್ತು ಬಗೆಯ, ಕ್ವಾರ್ಟರ್ ಎಂದು ಕರೆಯುವ ಕಾಲು ಡಾಲರ್ ನಾಣ್ಯಗಳನ್ನು ಹೊರತಂದಿತು. ಒಂದೊಂದರ ಹಿಂಬದಿಯಲ್ಲಿಯೂ ದೇಶದ ಬದುಕಿಗೆ ಕೊಡುಗೆ ಸಲ್ಲಿಸಿದ ಒಬ್ಬೊಬ್ಬ ಮಹಿಳೆಯ ಚಿತ್ರವಿದೆ. ಬದುಕಿರುವವರನ್ನು ನಾಣ್ಯದ ಮೇಲೆ ತರಬಾರದೆಂಬ ನಿಯಮವಿರುವುದರಿಂದ ಇಪ್ಪತ್ತು ಮಂದಿಯೂ ಗತಿಸಿದವರು. ಜನ ತಮಗೆ ತೋಚಿದ ಹೆಸರುಗಳನ್ನು ಸೂಚಿಸಬಹುದಾಗಿತ್ತು. ಸ್ಮಿತ್‌ಸೋನಿಯನ್ ಸಂಸ್ಥೆಯ ಮಹಿಳಾ ಇತಿಹಾಸ ವಿಭಾಗ, ರಾಷ್ಟ್ರೀಯ ಮಹಿಳಾ ಇತಿಹಾಸ ವಸ್ತುಸಂಗ್ರಹಾಲಯ ಮತ್ತು ಸಂಸತ್ತಿನ ಎರಡೂ ಪಕ್ಷಗಳ ಮಹಿಳಾ ಸದಸ್ಯರ ಕೂಟದೊಂದಿಗೆ ಸಮಾಲೋಚಿಸಿ ಕೊನೆಯ ತೀರ್ಮಾನವನ್ನು ಖಜಾನೆ ಕಾರ್ಯದರ್ಶಿಯವರು ತೆಗೆದುಕೊಂಡರು. ಇದಕ್ಕೆ ಆಧಾರವಾದ ಕಾಯಿದೆಗೆ ಸಹಿ ಬಿದ್ದದ್ದು 2021ರ ಜನವರಿಯಲ್ಲಿ.

ಆ ಕಾಯಿದೆಯ ಬೆನ್ನಿಗೆ ನಿಂತ ಮೂವರು ಮಹಿಳೆಯರ ಹಿನ್ನೆಲೆಯನ್ನು ಇಲ್ಲಿ ಹೇಳಲೇಬೇಕೆನಿಸುತ್ತದೆ. ಕೆಳಮನೆಯಲ್ಲಿ ಮಸೂದೆಗಾಗಿ ದುಡಿದ ಬಾರ್ಬರಾ ಲೀ ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾ ರಾಜ್ಯದ ಶಾಸನಸಭೆಯ ಎರಡೂ ಮನೆಗಳಲ್ಲಿ ಸದಸ್ಯೆಯಾಗಿದ್ದವರು. ಸೆನೆಟ್ಟಿನಲ್ಲಿ ಅದನ್ನು ಮುಂದಿಟ್ಟ ಕ್ಯಾಥರಿನ್ ಕಾರ್ಟೆಜ್ ಮಾಸ್ಟೊ ನೆವಾಡ ರಾಜ್ಯದ ಅಟಾರ್ನಿ ಜನರಲ್ ಆಗಿದ್ದವರು. ಅವರ ಜೊತೆಗೂಡಿದ, ಎದುರು ಪಕ್ಷದ ಡೆಬ್ ಫಿಷರ್ ನೆಬ್ರಾಸ್ಕದ ಶಾಸನಸಭೆಯಲ್ಲಿ ಕೂತು ಬಂದವರು. ಮೂವರೂ ರಾಜ್ಯ ಸರ್ಕಾರಗಳ ಕೆಲಸದಲ್ಲಿ ಪಳಗಿ ರಾಜಧಾನಿಗೆ ಬಂದವರೇ. ಈ ಸರಣಿ ಹುಟ್ಟಿದ್ದೇ ರಾಜ್ಯಗಳ ಆಡಳಿತದಲ್ಲಿ ಬೆಳೆದ ಹೆಣ್ಣುಮಕ್ಕಳ ಕೈಯಿಂದ ಎನ್ನಬಹುದು.

ಇನ್ನು ನಾಣ್ಯ ಕೈಯಲ್ಲಿ ಹೇಗಿದೆ ಎನ್ನುವ ವಿಷಯ. ಗಾತ್ರ, ತೂಕ ಎಲ್ಲವೂ ಮಾಮೂಲಿ ಕ್ವಾರ್ಟರಿನಷ್ಟೇ. 24.26 ಮಿಲಿಮೀಟರ್ ಅಗಲ, 5.67 ಗ್ರಾಂ ತೂಕ, ಅಂಚಿನ ಸುತ್ತ 119 ಗೀರುಗಳು, ಒಳಗೆ ತಾಮ್ರದ ತಿರುಳು, ಹೊರಗೆ ತಾಮ್ರ ಮತ್ತು ನಿಕ್ಕಲ್ ಬೆರೆತ ಬಿಳಿಯ ಹೊದಿಕೆ. ಅಂಗಡಿಯಲ್ಲಿ ಚಿಲ್ಲರೆಯಾಗಿ ಕೈಗೆ ಬಂದರೆ ಬೇರೆ ಕ್ವಾರ್ಟರುಗಳ ನಡುವೆ ಇದನ್ನು ಗುರುತಿಸಲು ಒಂದು ಸುಲಭದ ಉಪಾಯವಿದೆ. ಹಳೆಯ ನಾಣ್ಯಗಳ ಮುಂಬದಿಯಲ್ಲಿ ದೇಶದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಎಡಕ್ಕೆ ಮುಖ ಮಾಡಿದ್ದರೆ ಈ ಸರಣಿಯಲ್ಲಿ ಬಲಕ್ಕೆ ಮುಖ ಮಾಡಿದ್ದಾರೆ.

ಮುಖ ಹೀಗೆ ತಿರುಗಿದ ಹಿಂದೆ ಒಂದು ದೀರ್ಘ ಕಥೆಯಿದೆ. ವಾಷಿಂಗ್ಟನ್ ಹುಟ್ಟಿ 200 ವರ್ಷವಾದ ನೆನಪಿಗೆ 1932ರಲ್ಲಿ ಹೊಸ ಕ್ವಾರ್ಟರ್ ತರಲು ಸ್ಪರ್ಧೆ ನಡೆದಾಗ ಲಾರಾ ಗಾರ್ಡಿನ್ ಫ್ರೇಜರ್ ಎಂಬ ಶಿಲ್ಪಿಯ ವಿನ್ಯಾಸವನ್ನು ಕಲಾ ತಜ್ಞರ ಸಮಿತಿ ಶಿಫಾರಸು ಮಾಡಿತ್ತು. ಆಕೆ ಹೊಸಬರೇನೂ ಆಗಿರಲಿಲ್ಲ. ಅಲಬಾಮ ರಾಜ್ಯಕ್ಕೆ ನೂರು ತುಂಬಿದ ನೆನಪಿಗಾಗಿ 1921ರಲ್ಲಿ ಹೊರಬಂದ ಅರ್ಧ ಡಾಲರನ್ನು ರೂಪಿಸಿ, ಆ ದೇಶದ ಸ್ಮಾರಕ ನಾಣ್ಯವೊಂದನ್ನು ವಿನ್ಯಾಸಗೊಳಿಸಿದ ಮೊದಲ ಮಹಿಳೆ ಎನಿಸಿಕೊಂಡಿದ್ದವರು. ಆದರೂ ಅಂದಿನ ಖಜಾನೆ ಕಾರ್ಯದರ್ಶಿ ಆಂಡ್ರ್ಯೂ ಮೆಲನ್ ಸಮಿತಿಯ ಮಾತನ್ನು ಬದಿಗಿಟ್ಟು ಜಾನ್ ಫ್ಲಾನಗನ್ ಅವರ ವಿನ್ಯಾಸವನ್ನು ಆರಿಸಿದರು. ಫ್ರೇಜರ್ ಅವರ ವಾಷಿಂಗ್ಟನ್ 1999ರಲ್ಲಿ ಒಂದು ಚಿನ್ನದ ಸ್ಮಾರಕ ನಾಣ್ಯದ ಮೇಲೆ ಬಂದದ್ದುಂಟು. ಜನರ ಜೇಬಿಗೆ ಬರಲು 2022ರವರೆಗೆ ಕಾಯಬೇಕಾಯಿತು. ಈ ಸರಣಿಯ ಮುಂಬದಿಗೆ ಆ ವಿನ್ಯಾಸವನ್ನೇ ಬಳಸಿರುವುದು ನನ್ನ ಮಟ್ಟಿಗೆ ಇಡೀ ಯೋಜನೆಯ ಅತ್ಯಂತ ವಿವೇಕದ ತೀರ್ಮಾನ. ಹಿಂಬದಿಯಲ್ಲಿ ಹೆಣ್ಣಿನ ಚಿತ್ರವಿದ್ದರೆ ಮುಂಬದಿಯಲ್ಲಿ ಹೆಣ್ಣಿನ ಕೆಲಸವಿದೆ. ಫ್ಲಾನಗನ್ ಅವರ ಚಿತ್ರಕ್ಕಿಂತ ಇದರ ದವಡೆ ಬಿಗಿ, ಕೂದಲಿನ ಎಳೆಗಳು ಆಳ, ಕಣ್ಣಿನ ನೋಟ ದೃಢ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಆ ಸಮಿತಿ ಏಕೆ ಇದನ್ನೇ ಬಯಸಿತ್ತೆಂಬುದು ತಾನಾಗಿ ತಿಳಿಯುತ್ತದೆ.

ಹಿಂಬದಿಯ ಇಪ್ಪತ್ತು ಚಿತ್ರಗಳಲ್ಲಿ ಕವಿ, ಗಗನಯಾತ್ರಿ, ನಟಿ, ನರ್ತಕಿ, ವಿಮಾನ ಚಾಲಕಿ, ಖಗೋಳ ವಿಜ್ಞಾನಿ, ಗಾಯಕಿ ಎಲ್ಲರೂ ಇದ್ದಾರೆ. ಎಲ್ಲವನ್ನೂ ನಾನಿಲ್ಲಿ ವರ್ಣಿಸುವುದಿಲ್ಲ. ನನಗೆ ಬೇಕಿದ್ದದ್ದು ಸರ್ಕಾರದಲ್ಲಿ, ಜನಸೇವೆಯಲ್ಲಿ ದುಡಿದವರು. ಅಂಥವರ ನಾಣ್ಯಗಳ ಬಗ್ಗೆ ಮಾತ್ರ ವಿವರವಾಗಿ ಹೇಳುತ್ತೇನೆ.

2022ರ ವಿಲ್ಮಾ ಮ್ಯಾನ್‌ಕಿಲ್ಲರ್ ನಾಣ್ಯವನ್ನು ನನಗಿಂತ ಮೊದಲು ಮೆಚ್ಚಿದವರು ನಮ್ಮಮ್ಮ. ನಮ್ಮ ಮನೆಗೆ ಬಂದಿದ್ದ ಅವರು ಮೇಜಿನ ಮೇಲಿದ್ದ ನಾಣ್ಯವನ್ನು ಎತ್ತಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು, "ಇವರು ಯಾರೇ? ಶಾಲು ಹೊದ್ದು ಗಾಳಿಗೆ ಎದೆಯೊಡ್ಡಿ ನಿಂತ ಹಾಗಿದ್ದಾರಲ್ಲ" ಎಂದರು. ಗಾಳಿ ಎದುರಿನಿಂದಲ್ಲ, ಬೆನ್ನ ಹಿಂದಿನಿಂದ ಬೀಸುತ್ತಿದೆ ಅಮ್ಮ ಎಂದು ನಾನು ಹೇಳಿದೆ. ಶಾಲಿನ ಮಡಿಕೆಗಳು ಅಷ್ಟು ನಿಚ್ಚಳವಾಗಿ ಬಂದಿವೆ. ಪಕ್ಕದಲ್ಲಿ, ಅಮೆರಿಕದ ಮೂಲನಿವಾಸಿ ಸಮುದಾಯವಾದ ಚೆರೋಕಿ ರಾಷ್ಟ್ರದ ಏಳು ಮೂಲೆಯ ನಕ್ಷತ್ರವಿದೆ. ಚೆರೋಕಿ ಲಿಪಿಯಲ್ಲಿಯೇ ಆ ರಾಷ್ಟ್ರದ ಹೆಸರನ್ನೂ ಬರೆದಿದ್ದಾರೆ. ಒಂದು ಸಣ್ಣ ಭಾಷೆಯ ಲಿಪಿ ದೊಡ್ಡ ದೇಶದ ಚಲಾವಣೆಯ ನಾಣ್ಯದ ಮೇಲೆ ಅಚ್ಚಾಗಿರುವುದನ್ನು ಕಂಡಾಗ, ಭಾಷೆಯ ಮೇಲೆ ಪ್ರೀತಿಯಿರುವ ಯಾರಿಗೇ ಆದರೂ ಮನಸ್ಸು ತುಂಬಿ ಬರುತ್ತದೆ. ಮ್ಯಾನ್‌ಕಿಲ್ಲರ್ 1985ರಲ್ಲಿ ಚೆರೋಕಿ ರಾಷ್ಟ್ರದ ಪ್ರಧಾನ ಮುಖ್ಯಸ್ಥೆಯಾದರು. ಆ ಸ್ಥಾನಕ್ಕೇರಿದ ಮೊದಲ ಹೆಣ್ಣು ಅವರೇ. 1987ರಲ್ಲಿ, ಮತ್ತೆ 1991ರಲ್ಲಿ ಜನರೇ ಮತ ಹಾಕಿ ಅವರನ್ನು ಉಳಿಸಿಕೊಂಡರು. ಅದಕ್ಕೂ ಮೊದಲು ಒಕ್ಲಹೋಮದ ಬೆಲ್ ಎಂಬ ಪುಟ್ಟ ಊರಿಗೆ ನೀರು ತರಲು, ಅಲ್ಲಿನ ಜನರಿಂದಲೇ ಮೈಲಿಗಟ್ಟಲೆ ಕೊಳವೆ ಹಾಕಿಸಿದ ಕೆಲಸದಿಂದ ಅವರು ಹೆಸರಾಗಿದ್ದರು. ನಾಣ್ಯದ ಮೇಲೆ ಕೊಳವೆಯಿಲ್ಲ, ಹುದ್ದೆಯ ಹೆಸರಿದೆ. ಇಷ್ಟು ಚಿಕ್ಕ ಜಾಗದಲ್ಲಿ ಎರಡನ್ನೂ ಹಿಡಿಸಲಾಗದೆಂದು ನಾನು ಒಪ್ಪುತ್ತೇನೆ.

ಅದೇ ವರ್ಷದ ನೀನಾ ಓಟೆರೊ-ವಾರೆನ್ ನಾಣ್ಯದಲ್ಲಿ ಎಡಗಡೆ ಆಕೆಯ ಚಿತ್ರವಿದೆ. ಜೊತೆಗೆ ನ್ಯೂ ಮೆಕ್ಸಿಕೊದ ರಾಜ್ಯಪುಷ್ಪವಾದ ಯುಕ್ಕದ ಮೂರು ಹೂಗಳು, ಹೆಣ್ಣಿಗೆ ಮತ ಎಂಬ ಅರ್ಥದ "ವೋಟೊ ಪಾರಾ ಲಾ ಮುಹೇರ್" ಎಂಬ ಸ್ಪ್ಯಾನಿಷ್ ಬರಹ ಇವೆ. ಆಕೆ 1917ರಿಂದ 1929ರವರೆಗೆ ಸಾಂಟಾ ಫೆಯ ಸಾರ್ವಜನಿಕ ಶಾಲೆಗಳ ಮೇಲ್ವಿಚಾರಕಿಯಾಗಿದ್ದವರು. ಮಹಿಳಾ ಮತದಾನದ ಹೋರಾಟವು ಇಂಗ್ಲಿಷಿನಲ್ಲಿ ಮಾತ್ರ ನಡೆದರೆ ಸಾಲದು, ಸ್ಪ್ಯಾನಿಷ್ ಮಾತಾಡುವ ಮನೆಗಳಿಗೂ ತಲುಪಬೇಕೆಂದು ಪಟ್ಟು ಹಿಡಿದವರು. ಹೆಣ್ಣುಮಕ್ಕಳಿಗೆ ಮತದ ಹಕ್ಕು ಕೊಡುವ, ಸಂವಿಧಾನದ 19ನೆಯ ತಿದ್ದುಪಡಿಗೆ ನ್ಯೂ ಮೆಕ್ಸಿಕೊದ ಶಾಸನಸಭೆ 1920ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟದ್ದರ ಹಿಂದೆ ಆಕೆಯ ಓಡಾಟವಿತ್ತು. ಎರಡು ವರ್ಷದ ಬಳಿಕ ಸಂಸತ್ತಿಗೆ ಸ್ಪರ್ಧಿಸಿ ಸೋತರು. ಮೇಲ್ವಿಚಾರಕಿಯ ಕೆಲಸ ಮಾತ್ರ ಸೋಲಿನ ನಂತರವೂ ನಡೆದಿತ್ತು. ಇಡೀ ಸರಣಿಯಲ್ಲಿ ಚಿತ್ರ, ಬರಹ, ನಾಡಿನ ಗುರುತು ಮೂರೂ ಹದವಾಗಿ ಕೂಡಿಬಂದ ವಿನ್ಯಾಸ ಇದು. ಹಳೆಯದಾಗಿ ಸವೆದ ಮೇಲೂ ಆ ಮೂರು ಹೂಗಳನ್ನು ಬೆರಳಿನಿಂದ ತಡವಿ ಗುರುತಿಸಬಹುದು ಎನ್ನಿಸುವಷ್ಟು ಅವು ಉಬ್ಬಿ ನಿಂತಿವೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನನ್ನ ಕೈಯಲ್ಲಿದ್ದದ್ದು 2024ರ ಪ್ಯಾಟ್ಸಿ ಟಾಕೆಮೊಟೊ ಮಿಂಕ್ ನಾಣ್ಯ. ಕೊರಳಲ್ಲಿ ಹವಾಯಿಯ ಹೂಮಾಲೆ, ಕೈಯಲ್ಲಿ ಟೈಟಲ್ ನೈನ್ ಕಾಯಿದೆಯ ಪ್ರತಿ, ಹಿನ್ನೆಲೆಯಲ್ಲಿ ಸಂಸತ್ ಭವನ, ಶಿಕ್ಷಣದಲ್ಲಿ ಸಮಾನ ಅವಕಾಶ ಎಂಬ ಅರ್ಥದ ಬರಹ. 1927ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಹುಟ್ಟಿದ ಮಿಂಕ್ ಡಾಕ್ಟರಾಗಬೇಕೆಂದಿದ್ದರು, ಆದರೆ ಯಾವ ವೈದ್ಯಕೀಯ ಕಾಲೇಜೂ ಸೇರಿಸಿಕೊಳ್ಳಲಿಲ್ಲ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಊರಿಗೆ ಮರಳಿದರೆ ಅಲ್ಲಿ ಇನ್ನೊಂದು ಅಡ್ಡಿ ಎದುರಾಯಿತು. ಮದುವೆಯಾದ ಹೆಂಗಸಿನ ವಾಸಸ್ಥಳವೆಂದರೆ ಗಂಡನ ವಾಸಸ್ಥಳವೇ ಎಂದು ಅಂದಿನ ನಿಯಮ ಹೇಳುತ್ತಿದ್ದರಿಂದ, ಹವಾಯಿಯಲ್ಲಿ ಹುಟ್ಟಿ ಬೆಳೆದವರೇ ಹವಾಯಿಯವರಲ್ಲವೆಂದು ವಕೀಲಿ ಪರೀಕ್ಷೆಗೆ ಕೂರಲು ಬಿಡಲಿಲ್ಲ. ಆ ನಿಯಮವನ್ನು ಪ್ರಶ್ನಿಸಿ ಗೆದ್ದು, 1953ರಲ್ಲಿ ಅಲ್ಲಿ ವಕೀಲಿ ವೃತ್ತಿಗೆ ಇಳಿದ ಮೊದಲ ಜಪಾನಿ ಮೂಲದ ಮಹಿಳೆಯಾದರು. 1956ರಲ್ಲಿ ಹವಾಯಿ ಪ್ರಾಂತ್ಯದ ಕೆಳಮನೆಗೂ 1958ರಲ್ಲಿ ಮೇಲ್ಮನೆಗೂ ಆರಿಸಿ ಬಂದರು. ಹವಾಯಿ ರಾಜ್ಯವಾದ ಮೇಲೆ 1962ರಲ್ಲಿ ರಾಜ್ಯದ ಸೆನೆಟ್ಟಿಗೂ, 1964ರಲ್ಲಿ ದೇಶದ ಸಂಸತ್ತಿಗೂ ಗೆದ್ದರು. ಸಂಸತ್ತಿಗೆ ಹೋದ ಮೊದಲ ಬಿಳಿಯೇತರ ಮಹಿಳೆ ಅವರೇ. 1972ರಲ್ಲಿ ಟೈಟಲ್ ನೈನ್ ಜಾರಿಗೆ ಬಂದ ಮೇಲೆ ಸರ್ಕಾರದ ಹಣ ಪಡೆಯುವ ಶಾಲಾ ಕಾಲೇಜುಗಳು ಹೆಣ್ಣೆಂಬ ಕಾರಣಕ್ಕೆ ಯಾರಿಗೂ ಬಾಗಿಲು ಮುಚ್ಚುವಂತಿಲ್ಲವೆಂದಾಯಿತು. ತನಗೆ ಮುಚ್ಚಿದ್ದ ಬಾಗಿಲನ್ನು ತನ್ನ ನಂತರದವರಿಗೆ ಕಾನೂನಿನಿಂದಲೇ ತೆರೆಸಿದ ಹೆಂಗಸು ಅವರು. 2002ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಮತಪತ್ರದಲ್ಲಿ ಅವರ ಹೆಸರು ಹಾಗೆಯೇ ಉಳಿದಿತ್ತು. ನವೆಂಬರಿನ ಚುನಾವಣೆಯಲ್ಲಿ ಹವಾಯಿಯ ಜನ ಗತಿಸಿದ ತಮ್ಮ ಪ್ರತಿನಿಧಿಯನ್ನೇ ಗೆಲ್ಲಿಸಿದರು.

ಈ ನಾಣ್ಯದ ಬಗ್ಗೆ ನನ್ನದೊಂದು ಆಕ್ಷೇಪವೂ ಇದೆ. ಹಿನ್ನೆಲೆಯ ಸಂಸತ್ ಭವನ, ಕೈಯ ಕಾಗದ, ಹೂಮಾಲೆ, ಬರಹ ಎಲ್ಲವೂ ಒತ್ತೊತ್ತಾಗಿ ಕೂತು, ಚಲಾವಣೆಯ ನಾಣ್ಯದಲ್ಲಿ ಭವನದ ಗೆರೆಗಳು ಬರಿಗಣ್ಣಿಗೆ ಮಸುಕಾಗಿ ಕಾಣುತ್ತವೆ. ಸಂಗ್ರಹಕಾರರಿಗಾಗಿ ವಿಶೇಷವಾಗಿ ಅಚ್ಚು ಹಾಕುವ ಪ್ರೂಫ್ ನಾಣ್ಯದಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಹಿನ್ನೆಲೆ ಕನ್ನಡಿಯಂತೆ ಹೊಳೆಯುತ್ತದೆ, ಉಬ್ಬುಚಿತ್ರ ಮಂಜು ಕವಿದಂತೆ ಬೆಳ್ಳಗಿರುತ್ತದೆ. ಆದ್ದರಿಂದ ಹೂವಿನ ಎಸಳನ್ನೂ ಎಣಿಸಬಹುದು.

ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ ಪತ್ನಿ, ಮಾನವ ಹಕ್ಕುಗಳಿಗಾಗಿ ದುಡಿದ ಎಲೀನರ್ ರೂಸ್ವೆಲ್ಟ್ ಅವರ 2023ರ ನಾಣ್ಯ ಗಂಭೀರವಾಗಿದೆ. ಹಿನ್ನೆಲೆಯಲ್ಲಿ ಭೂಗೋಳ, ಮುಂದೆ ನ್ಯಾಯದ ತಕ್ಕಡಿ, 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಹೆಸರು. ಚೆನ್ನಾಗಿಯೇ ಇದ್ದರೂ ಒಂದು ಸಂಸ್ಥೆಯ ಲಾಂಛನವನ್ನು ನೋಡಿದಂತಾಗುತ್ತದೆ, ಮನುಷ್ಯರನ್ನು ನೋಡಿದಂತಾಗುವುದಿಲ್ಲ. ಅದೇ ವರ್ಷದ ಹೋವಿಟಾ ಇಡಾರ್ ನಾಣ್ಯ ಇದಕ್ಕೆ ತದ್ವಿರುದ್ಧ. ಟೆಕ್ಸಸ್ಸಿನ ಪತ್ರಕರ್ತೆ, ಶಿಕ್ಷಕಿ, ದಾದಿಯಾಗಿದ್ದ ಆಕೆ ಕೈ ಜೋಡಿಸಿ ನಿಂತಿದ್ದಾರೆ. ಮೈಯ ತುಂಬ ಆಕೆ ದುಡಿದ ಪತ್ರಿಕೆಗಳ, ಕಟ್ಟಿದ ಸಂಘಗಳ ಹೆಸರುಗಳನ್ನೇ ಬಟ್ಟೆಯಂತೆ ಹೆಣೆದಿದ್ದಾರೆ. ಕೆಲಸವೇ ಉಡುಗೆಯಾದ ಆ ಕಲ್ಪನೆಗೆ ನಾನು ಮನಸೋತಿದ್ದೇನೆ.

ನಾಣ್ಯ ಹೇಳದೆ ಬಿಟ್ಟ ಸಂಗತಿಗಳತ್ತ ನನ್ನ ಗಮನ ಹೋದದ್ದು ನಾಗರಿಕ ಹಕ್ಕುಗಳ ವಕೀಲೆ ಪಾಲಿ ಮರ್ರಿ ಅವರ 2024ರ ನಾಣ್ಯದಿಂದ. ಭರವಸೆ ಎಂಬ ಅರ್ಥದ ಹೋಪ್ ಪದದ ದೊಡ್ಡ ಅಕ್ಷರಗಳ ಒಳಗೆ ಕನ್ನಡಕ ಧರಿಸಿದ ಮುಖ ಕಾಣುತ್ತದೆ. ಕಲೆಯ ದೃಷ್ಟಿಯಿಂದ ದಿಟ್ಟ ಪ್ರಯತ್ನ. ಆದರೆ ಮರ್ರಿ 1946ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಡೆಪ್ಯುಟಿ ಅಟಾರ್ನಿ ಜನರಲ್ ಆಗಿದ್ದರು, ಆ ಹುದ್ದೆಗೆ ಬಂದ ಮೊದಲ ಕಪ್ಪು ವ್ಯಕ್ತಿ ಅವರು ಎಂಬುದು ಈ ನಾಣ್ಯದಿಂದ ಯಾರಿಗೂ ತಿಳಿಯುವುದಿಲ್ಲ. ಜನಾಂಗ ಮತ್ತು ವರ್ಣದ ಬಗ್ಗೆ ಒಂದೊಂದು ರಾಜ್ಯದಲ್ಲಿಯೂ ಇದ್ದ ಕಾಯಿದೆಗಳನ್ನೆಲ್ಲ ಹುಡುಕಿ ತೆಗೆದು 1951ರಲ್ಲಿ ಒಂದೇ ಸಂಪುಟವಾಗಿ ಅವರು ಪ್ರಕಟಿಸಿದ್ದು ನಾಗರಿಕ ಹಕ್ಕುಗಳ ವಕೀಲರಿಗೆ ಕೈಪಿಡಿಯಾಯಿತು ಎಂಬುದೂ ತಿಳಿಯುವುದಿಲ್ಲ. ಕಡತಗಳ ನಡುವೆ ಕೂತು ನಿಯಮಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಕೆಲಸದ ಭಾರ ಎಷ್ಟೆಂದು ನನಗೆ ದಿನವೂ ಗೊತ್ತಾಗುತ್ತದೆ. ಆ ಭಾರಕ್ಕೆ ನಾಣ್ಯದ ಮೇಲೆ ಒಂದು ಗೆರೆಯಾದರೂ ಸಿಗಬೇಕಿತ್ತು.

ಹುಡುಕುತ್ತಾ ಹೋದಂತೆ ಇಂಥವು ಇನ್ನೂ ಸಿಕ್ಕವು. 2025ರ ಆಲ್ಥಿಯಾ ಗಿಬ್ಸನ್ ನಾಣ್ಯ ಆಕೆಯ ಟೆನಿಸ್ ಆಟವನ್ನು ಗೌರವಿಸುತ್ತದೆ. ಅದು ಸರಿಯೇ. ಆದರೆ ಆಕೆ 1970ರ ದಶಕದ ಮಧ್ಯದಲ್ಲಿ ನ್ಯೂ ಜೆರ್ಸಿ ರಾಜ್ಯದ ಕ್ರೀಡಾ ಆಯುಕ್ತೆಯೂ ಆಗಿದ್ದರು. ಅದೇ ವರ್ಷದ ನಾಣ್ಯದಲ್ಲಿರುವ ಐಡಾ ಬಿ. ವೆಲ್ಸ್ ಪತ್ರಕರ್ತೆಯಾಗಿ ಜಗತ್ತಿಗೆ ಪರಿಚಿತರು. 1930ರಲ್ಲಿ ಇಲಿನಾಯ್ ರಾಜ್ಯದ ಸೆನೆಟ್ಟಿಗೆ ಪಕ್ಷೇತರರಾಗಿ ನಿಂತು ಸೋತದ್ದು ಹೆಚ್ಚಿನವರಿಗೆ ತಿಳಿದಿಲ್ಲ. ಓಟೆರೊ-ವಾರೆನ್, ಮಿಂಕ್, ಮರ್ರಿ, ಗಿಬ್ಸನ್, ವೆಲ್ಸ್ ಈ ಐವರ ಬದುಕಿನಲ್ಲಿಯೂ ರಾಜ್ಯದ ಆಡಳಿತದ ಅಥವಾ ರಾಜ್ಯ ರಾಜಕೀಯದ ಒಂದು ಅಧ್ಯಾಯವಿದೆ. ಐದು ನಾಣ್ಯಗಳಲ್ಲಿ ನಾಲ್ಕು ಅದನ್ನು ತೋರಿಸುವುದೇ ಇಲ್ಲ. ಓಟೆರೊ-ವಾರೆನ್ ನಾಣ್ಯ ಮಾತ್ರ ರಾಜ್ಯದ ಹೂವಿನ ಮೂಲಕ ಸ್ವಲ್ಪ ಸೂಚಿಸುತ್ತದೆ.

ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ಇಪ್ಪತ್ತು ಮಂದಿಯಲ್ಲಿ ಒಬ್ಬ ಗವರ್ನರೂ ಇಲ್ಲ. ಅಲ್ಲಿನ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕವಾಗುವವರಲ್ಲ. ಜನರೇ ನೇರವಾಗಿ ಆರಿಸುವ, ರಾಜ್ಯದ ಆಡಳಿತವನ್ನು ನಡೆಸುವ ಮುಖ್ಯಸ್ಥರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ವಯೋಮಿಂಗಿನ ನೆಲ್ಲಿ ಟೇಲೊ ರಾಸ್. ಗವರ್ನರಾಗಿದ್ದ ಗಂಡ 1924ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ನಡೆದ ಚುನಾವಣೆಯಲ್ಲಿ ಗೆದ್ದು, 1925ರ ಜನವರಿ 5ರಂದು ಅಧಿಕಾರ ವಹಿಸಿಕೊಂಡರು. 1926ರಲ್ಲಿ ಸೋತರೂ ಜನಸೇವೆ ಬಿಡಲಿಲ್ಲ. 1933ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಅವರು ರಾಸ್ ಅವರನ್ನು ಟಂಕಸಾಲೆಯ ನಿರ್ದೇಶಕಿಯಾಗಿ ನೇಮಿಸಿದರು. ಟಂಕಸಾಲೆಯ ಚುಕ್ಕಾಣಿ ಹಿಡಿದ ಮೊದಲ ಹೆಣ್ಣು ಅವರು. 1953ರವರೆಗೆ ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿದ್ದರು. ಮಾಜಿ ಅಧ್ಯಕ್ಷ ಜೆಫರ್ಸನ್ ಅವರ ಚಿತ್ರವಿರುವ ಐದು ಸೆಂಟಿನ ನಾಣ್ಯ, ತಾಮ್ರವೆಲ್ಲ ಯುದ್ಧಕ್ಕೆ ಹೋದಾಗ 1943ರಲ್ಲಿ ಉಕ್ಕಿನಿಂದ ಅಚ್ಚು ಹಾಕಿದ ಒಂದು ಸೆಂಟ್, 1946ರ ರೂಸ್ವೆಲ್ಟ್ ಡೈಮ್ ಎಂಬ ಹತ್ತು ಸೆಂಟಿನ ನಾಣ್ಯ ಎಲ್ಲವೂ ಅವರ ಕಾಲದವು. ವರ್ಷಗಳಿಂದ ನಿಂತುಹೋಗಿದ್ದ ಪ್ರೂಫ್ ನಾಣ್ಯಗಳ ತಯಾರಿಕೆ 1936ರಲ್ಲಿ ಮತ್ತೆ ಶುರುವಾದದ್ದೂ ಅವರ ಆಡಳಿತದಲ್ಲಿಯೇ. 1977ರಲ್ಲಿ, 101ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ರಾಜ್ಯ ಸರ್ಕಾರವನ್ನು ನಡೆಸಿದ ಮೊದಲ ಹೆಣ್ಣು, ದೇಶದ ನಾಣ್ಯಗಳನ್ನೆಲ್ಲ ಎರಡು ದಶಕ ತನ್ನ ಉಸ್ತುವಾರಿಯಲ್ಲಿ ಹೊರತಂದ ಹೆಣ್ಣು, ಮಹಿಳೆಯರ ಗೌರವಕ್ಕೆಂದೇ ಹೊರಟ ನಾಣ್ಯಗಳ ಸಾಲಿನಲ್ಲಿ ಇಲ್ಲ. ಇದನ್ನು ಅರಿತ ದಿನ ನನಗೆ ನಿಜವಾಗಿಯೂ ನೋವಾಯಿತು. ಆಯ್ಕೆಯಾದ ಇಪ್ಪತ್ತು ಮಂದಿಯಲ್ಲಿ ಯಾರನ್ನೂ ಕೈಬಿಡಿ ಎಂದು ನಾನು ಹೇಳಲಾರೆ. ಆದರೆ ಯಾವ ಬಗೆಯ ಸಾಧನೆ ಕಣ್ಣಿಗೆ ಬೀಳುತ್ತದೆ, ಯಾವುದು ಬೀಳುವುದಿಲ್ಲ ಎಂಬುದು ಈ ಪಟ್ಟಿಯಿಂದ ತಿಳಿಯುತ್ತದೆ. ಆಕಾಶಕ್ಕೆ ಹಾರಿದ್ದು, ವೇದಿಕೆಯ ಮೇಲೆ ಹಾಡಿದ್ದು, ಬೀದಿಯಲ್ಲಿ ಹೋರಾಡಿದ್ದು ಚಿತ್ರವಾಗಬಲ್ಲದು. ಆಯವ್ಯಯ ಮಂಡಿಸಿದ್ದು, ಕಾರ್ಖಾನೆಗಳ ತಪಾಸಣೆಗೆ ನಿಯಮ ಬರೆದದ್ದು, ಆರೋಗ್ಯ ಮಂಡಳಿ ಕಟ್ಟಿದ್ದು ಚಿತ್ರಕ್ಕೆ ಒಗ್ಗುವುದು ಕಷ್ಟ. ನ್ಯೂಯಾರ್ಕ್ ರಾಜ್ಯದ ಕೈಗಾರಿಕಾ ಆಯುಕ್ತೆಯಾಗಿದ್ದು, 1933ರಲ್ಲಿ ದೇಶದ ಸಚಿವ ಸಂಪುಟ ಸೇರಿದ ಮೊದಲ ಮಹಿಳೆಯಾಗಿ ಹನ್ನೆರಡು ವರ್ಷ ಕಾರ್ಮಿಕ ಇಲಾಖೆ ನಡೆಸಿದ ಫ್ರಾನ್ಸಿಸ್ ಪರ್ಕಿನ್ಸ್ ಕೂಡ ಇಲ್ಲಿಲ್ಲ. 1896ರಲ್ಲಿ ಯೂಟಾದಲ್ಲಿ, ಎದುರು ಪಕ್ಷದಿಂದ ಗಂಡನೇ ಕಣದಲ್ಲಿದ್ದರೂ ಅವನಿಗಿಂತ ಹೆಚ್ಚು ಮತ ಪಡೆದು ದೇಶದ ಮೊದಲ ರಾಜ್ಯ ಸೆನೆಟರ್ ಆದ ಹೆಣ್ಣು, ವೈದ್ಯೆ ಮಾರ್ಥಾ ಹ್ಯೂಸ್ ಕ್ಯಾನನ್ ಸಹ ಇಲ್ಲ. ಅವರ ಪ್ರತಿಮೆ 2024ರ ಡಿಸೆಂಬರಿನಲ್ಲಿ ಸಂಸತ್ ಭವನವನ್ನು ಸೇರಿತು ಎಂಬುದೊಂದು ಸಮಾಧಾನ.

ಕೊಳ್ಳುವವರಿಗೆ ಉಪಯೋಗಕ್ಕೆ ಬರುವ ಕೆಲವು ಮಾತು. ಈ ನಾಣ್ಯಗಳನ್ನು ಮೂರು ಬಗೆಯಲ್ಲಿ ಪಡೆಯಬಹುದು. ಚಲಾವಣೆಯ ನಾಣ್ಯಗಳು ಫಿಲಡೆಲ್ಫಿಯಾ ಮತ್ತು ಡೆನ್ವರಿನಲ್ಲಿ ಅಚ್ಚಾದವು. ಮುಂಬದಿಯಲ್ಲಿರುವ ಪಿ ಅಥವಾ ಡಿ ಅಕ್ಷರದಿಂದ ಎಲ್ಲಿಯದೆಂದು ತಿಳಿಯುತ್ತದೆ. ತಾಳ್ಮೆಯಿದ್ದರೆ ಇಪ್ಪತ್ತನ್ನೂ ಚಿಲ್ಲರೆಯಲ್ಲಿಯೇ ಆರಿಸಿಕೊಳ್ಳಬಹುದು, ಒಟ್ಟು ಖರ್ಚು ಐದು ಡಾಲರ್. ನಾನು ಹನ್ನೊಂದನ್ನು ಹೀಗೆಯೇ ಕೂಡಿಸಿದೆ. ಕಚೇರಿಯ ನೆಲಮಾಳಿಗೆಯಲ್ಲಿರುವ ತಿಂಡಿಯ ಯಂತ್ರದ ಚಿಲ್ಲರೆಯಲ್ಲಿಯೇ ಮಿಂಕ್ ಸಿಕ್ಕಿದರು. ಎರಡನೆಯದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಯಾರಾದ, ಎಸ್ ಅಕ್ಷರವಿರುವ ಪ್ರೂಫ್ ನಾಣ್ಯಗಳ ವಾರ್ಷಿಕ ಕಟ್ಟು. ಮೂರನೆಯದು ಅವುಗಳದ್ದೇ ಬೆಳ್ಳಿಯ ಆವೃತ್ತಿ. ಉಡುಗೊರೆಗೆ ಪ್ರೂಫ್ ಕಟ್ಟೇ ಸರಿ. ಎಲ್ಲ ನಾಲ್ಕು ವರ್ಷದ್ದನ್ನೂ ಕೊಳ್ಳಲು ಕೈಯಲ್ಲಿ ಹಣವಿಲ್ಲದಿದ್ದರೆ, ಜನಸೇವೆಯ ದೃಷ್ಟಿಯಿಂದ 2022 ಮತ್ತು 2024ರ ಕಟ್ಟುಗಳನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಬೆಳ್ಳಿಯದು ಕಣ್ಣಿಗೆ ಹಬ್ಬವಾದರೂ ವಿನ್ಯಾಸದಲ್ಲಿ ವ್ಯತ್ಯಾಸವಿಲ್ಲ.

ಪ್ರೂಫ್ ನಾಣ್ಯವನ್ನು ಡಬ್ಬಿಯಿಂದ ತೆಗೆಯದಿರುವುದು ಒಳ್ಳೆಯದು. ತೆಗೆದರೆ ಅಂಚನ್ನು ಮಾತ್ರ ಹಿಡಿಯಬೇಕು, ಕನ್ನಡಿಯಂಥ ಮೈಗೆ ಬೆರಳು ತಾಗಿದರೆ ಗುರುತು ಉಳಿದುಬಿಡುತ್ತದೆ. ಚಲಾವಣೆಯ ನಾಣ್ಯಗಳಿಗಾಗಿ ನಾನು ಖಾಸಗಿ ಮಾರಾಟಗಾರರೊಬ್ಬರಿಂದ ತರಿಸಿದ ರಟ್ಟಿನ ಆಲ್ಬಮ್ಮಿನ ಬಗ್ಗೆ ಒಳ್ಳೆಯ ಮಾತು ಹೇಳಲಾರೆ. ಮೂರು ಗುಳಿಗಳು ಸಡಿಲವಾಗಿದ್ದು, ಪುಟ ತಿರುವಿದಾಗಲೆಲ್ಲ ಓಟೆರೊ-ವಾರೆನ್ ನೆಲಕ್ಕೆ ಉದುರುತ್ತಿದ್ದರು. ಕೊನೆಗೆ ಆಲ್ಬಮ್ಮನ್ನು ಬಿಟ್ಟು, ಒಳಗೆ ಮೆತ್ತನೆಯ ಬಟ್ಟೆ ಹಾಸಿದ ಮರದ ಪೆಟ್ಟಿಗೆಯೊಂದನ್ನು ತಂದು, ಒಂದೊಂದು ನಾಣ್ಯಕ್ಕೂ ಬೇರೆ ಬೇರೆ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಹಾಕಿಸಿದೆ.

ಆ ಪೆಟ್ಟಿಗೆಯಲ್ಲಿ ಇಪ್ಪತ್ತೊಂದನೆಯ ನಾಣ್ಯಕ್ಕೂ ಜಾಗವಿತ್ತು. ಅಲ್ಲಿಗೆ ನಾನು 2007ರ ವಯೋಮಿಂಗ್ ರಾಜ್ಯದ ಕ್ವಾರ್ಟರನ್ನು ಇಟ್ಟೆ. ಅದರ ಮೇಲೆ ಹೆಣ್ಣಿನ ಚಿತ್ರವಿಲ್ಲ, ಕುಪ್ಪಳಿಸುವ ಕುದುರೆಯ ಮೇಲೆ ಸವಾರನೊಬ್ಬನಿದ್ದಾನೆ. ಪಕ್ಕದಲ್ಲಿ ಸಮಾನತೆಯ ರಾಜ್ಯ ಎಂಬ ಅರ್ಥದ ಬಿರುದು ಇದೆ. 1869ರಲ್ಲಿಯೇ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಕೊಟ್ಟ ನಾಡಿಗೆ ಸಂದ ಬಿರುದು ಅದು. ಅದರ ಕೆಳಗೆ ಒಂದು ಚೀಟಿಯಲ್ಲಿ ನೆಲ್ಲಿ ಟೇಲೊ ರಾಸ್ ಅವರ ಹೆಸರು, ಗವರ್ನರಾದ ದಿನ, ಟಂಕಸಾಲೆಯಲ್ಲಿದ್ದ ವರ್ಷಗಳನ್ನು ಬರೆದಿಟ್ಟೆ. ಇನ್ನೊಂದು ಚೀಟಿಯಲ್ಲಿ ಮಿಂಕ್, ಮರ್ರಿ, ಗಿಬ್ಸನ್ ಅವರು ರಾಜ್ಯ ಸರ್ಕಾರಗಳಲ್ಲಿ ಮಾಡಿದ ಕೆಲಸವನ್ನು ಬರೆದೆ. ಈ ಸರಣಿಯನ್ನು ಸರ್ಕಾರಿ ಸೇವೆಯ ಯಾರಿಗಾದರೂ ಕೊಡುವವರು ಇಂಥ ಎರಡು ಚೀಟಿಗಳನ್ನು ತಪ್ಪದೆ ಸೇರಿಸಬೇಕೆಂಬುದು ನನ್ನ ಶಿಫಾರಸು. ಅವು ಸೇರಿದರೆ ಉಡುಗೊರೆ ಪೂರ್ಣವಾಗುತ್ತದೆ.

ಬೀಳ್ಕೊಡುಗೆಯ ಸಂಜೆ ನಮ್ಮ ಹಿರಿಯ ಸಹೋದ್ಯೋಗಿ ಪೆಟ್ಟಿಗೆ ತೆರೆದು ಮೊದಲು ಕೈಗೆತ್ತಿಕೊಂಡದ್ದು ವಯೋಮಿಂಗಿನ ನಾಣ್ಯವನ್ನೇ. ಚೀಟಿಯನ್ನು ಎರಡು ಸಲ ಓದಿದರು. ಟಂಕಸಾಲೆಯ ಲೆಕ್ಕವನ್ನು ಇಪ್ಪತ್ತು ವರ್ಷ ಒಬ್ಬ ಹೆಣ್ಣುಮಗಳು ನೋಡಿಕೊಂಡಿದ್ದಳೇ ಎಂದು ಕೇಳಿದರು. ಹೌದೆಂದೆ. ಆಮೇಲೆ ನಾಣ್ಯಗಳನ್ನು ಒಂದೊಂದಾಗಿ ಮೇಜಿನ ಮೇಲೆ ಸಾಲಾಗಿ ಇಡುತ್ತಾ, ಲೆಕ್ಕ ತಾಳೆ ನೋಡುವವರ ಅಭ್ಯಾಸದಂತೆ ಗಟ್ಟಿಯಾಗಿ ಎಣಿಸಿ, ಇಪ್ಪತ್ತೊಂದಕ್ಕೆ ನಿಲ್ಲಿಸಿದರು.